ಹದಿನಾಲ್ಕು ಮೇಜುಗಳು

ಶಾಲೆಯ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಅವಳನ್ನು ಎಲ್ಲರೂ ರಿಜಿಸ್ಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಯಾವ ಮಗು ಯಾವ ವರ್ಷ ಸೇರಿತು, ಯಾರಿಗೆ ಹಾಲು ಆಗಿಬರುವುದಿಲ್ಲ, ಯಾವ ಅಪ್ಪ ಅಮ್ಮ ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲವಾದ್ದರಿಂದ ಬೇರೆ ಬೇರೆ ಕಡೆ ಕೂರಿಸಬೇಕು, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಅವಳ ಗಂಡ ಬದುಕಿದ್ದಾಗ, "ನಿನ್ನ ತಲೆಗೊಂದು ಬೀಗ ಹಾಕಿಸೇ, ಶಾಲೆಗೆ ಕಳ್ಳ ಬಂದ್ರೆ ಮೊದಲು ಅದನ್ನೇ ಹೊತ್ಕೊಂಡು ಹೋಗ್ತಾನೆ" ಎಂದು ನಗುತ್ತಿದ್ದ.

ಚಳಿಗಾಲದ ರಜೆ ಶುರುವಾಗುವ ಹಿಂದಿನ ದಿನ ಮಕ್ಕಳ ಮನೆಯವರನ್ನೆಲ್ಲ ಕರೆದು ಬೆಳಗಿನ ತಿಂಡಿ ಕೊಡುವುದು ಆ ಶಾಲೆಯ ರೂಢಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಹಾಲು, ಚಹಾ. ಕೇಳಲು ಇಷ್ಟೇ. ಆದರೆ ನೂರೆಂಬತ್ತು ಜನಕ್ಕೆ ಒಂದೇ ಹೊತ್ತಿಗೆ ಚಹಾ ಬಿಸಿಯಾಗಿರಬೇಕು ಅಂದರೆ ಅದರ ಕಷ್ಟ ಮಾಡಿದವರಿಗೇ ಗೊತ್ತು. ಆರು ಗಂಟೆಗೆ ಬಂದು ಕೈ ಹಾಕುತ್ತೇವೆ ಎಂದ ಅಪ್ಪಂದಿರು ಎಂಟಕ್ಕೆ ಬಂದು, ಕೈಯನ್ನು ತಟ್ಟೆಗೇ ಹಾಕುತ್ತಿದ್ದರು. ಅದೆಲ್ಲ ಅಕ್ಕನಿಗೆ ಹೊಸದಲ್ಲ. ಪ್ರತಿವರ್ಷ ತಿಂಗಳ ಮೊದಲೇ ಪಟ್ಟಿ ಮಾಡಿ, ಒಂದೊಂದು ಮನೆಗೂ ಕರೆಯೋಲೆ ಕಳಿಸಿ, ಗುಡಾಣದಂಥ ಕೆಟಲ್ಲುಗಳನ್ನು ಪಕ್ಕದ ಕಾಲೇಜಿನಿಂದ ಎರವಲು ತಂದು, ಎಲ್ಲವನ್ನೂ ಒಬ್ಬಳೇ ತೂಗಿಸುತ್ತಿದ್ದಳು.

ಈ ಸಲ ಮಾತ್ರ ಹೊಸ ಪಟ್ಟಿ ಮಾಡಲು ಅವಳಿಗೆ ಕೈಯೇ ಏಳಲಿಲ್ಲ. ಮಾಡಿದರೆ ಒಂದು ಹೆಸರು ಹೊಡೆದು ಹಾಕಬೇಕಿತ್ತು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ದಿನ ದೂಡಿ, ಕೊನೆಗೆ ಹೋದ ವರ್ಷದ ಪಟ್ಟಿಯನ್ನೇ ಕಂಪ್ಯೂಟರಿಗೆ ಕೊಟ್ಟು ಕರೆಯೋಲೆ ಮುದ್ರಿಸಿಬಿಟ್ಟಳು. ಬಂದದ್ದನ್ನು ಓದಿ ನೋಡದೆ ಲಕೋಟೆಗೆ ತುಂಬಿದಳು. ಅಂಥ ಕೆಲಸ ಅವಳು ಜನ್ಮದಲ್ಲಿ ಮಾಡಿದವಳಲ್ಲ.

ತಿಂಡಿಗೆ ಮೂರು ದಿನ ಇರುವಾಗ ಆಫೀಸಿಗೆ ಫೋನು ಬಂತು.

"ಅಕ್ಕ, ನಾನು," ಎಂದಿತು ಒಂದು ಹೆಣ್ಣಿನ ದನಿ. ಮುಂದೆ ಹೇಳುವ ಮೊದಲೇ ಅಕ್ಕನಿಗೆ ಯಾರೆಂದು ಗೊತ್ತಾಯಿತು. ಮೂರನೇ ತರಗತಿಯಲ್ಲಿದ್ದ ಆ ಹುಡುಗಿಯ ತಾಯಿ. "ಕಾಗದ ಬಂತು. ಅವಳ ಹೆಸರು ಬರೆದಿದೀರಿ, ಅವಳ ಮನೆಯವರಿಗೆ ಅಂತ. ನಾವಿಬ್ರೂ ಬರ್ತೀವಿ. ನಮ್ಮನ್ನ ಯಾರೂ ಎಲ್ಲಿಗೂ ಕರೀತಿಲ್ಲ ಅಕ್ಕ, ಕರೆದ್ರೆ ಅಳ್ತೀವಿ ಅಂತ ಭಯವೋ ಏನೋ. ನೀವು ಕರೆದ್ರಲ್ಲ. ಏನಾದ್ರೂ ತರ್ಲಾ?"

ತಪ್ಪಾಗಿ ಬಂದಿದೆ ಎನ್ನಲು ಅಕ್ಕ ಬಾಯಿ ತೆರೆದಳು. "ಹಣ್ಣು ತನ್ನಿಮ್ಮಾ" ಎಂಬ ಮಾತು ಹೊರಬಂತು.

ಹುಡುಗಿ ಸತ್ತು ನಾಲ್ಕು ತಿಂಗಳಾಗಿತ್ತು.

ಅವಳು ಸತ್ತ ದಿನ ನಡೆದದ್ದು ಇಷ್ಟು. ಮರುದಿನ ಮಕ್ಕಳು ಮಾಡಿದ ಮಾದರಿಗಳ ಪ್ರದರ್ಶನವಿತ್ತು. ಸಭಾಂಗಣಕ್ಕೆ ಹದಿನಾಲ್ಕು ಮೇಜು ಬೇಕಾಗಿದ್ದವು. ಅವು ಉಗ್ರಾಣದಲ್ಲಿದ್ದವು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ರಸ್ತೆಯಲ್ಲಿ ನಿಂತು, ಸೀಟಿ ಊದಿ, ವಾಹನ ನಿಲ್ಲಿಸಿ ಮಕ್ಕಳನ್ನು ದಾಟಿಸುವವನು ಕಾವಲುಗಾರ. ಮಕ್ಕಳು ಅವನನ್ನು ಸೀಟಿ ಮಾಮ ಅನ್ನುತ್ತಿದ್ದರು. ಅಕ್ಕ ಅವನನ್ನು ಒಳಗೆ ಕರೆದಳು. "ಒಂದ್ ಹತ್ತು ನಿಮಿಷ ಕೈ ಹಾಕಪ್ಪ, ಬೆಲ್ ಹೊಡೆಯೋ ಹೊತ್ತಿಗೆ ಹೋಗ್ಬಿಡು."

ಬೆಲ್ ಹೊಡೆಯಿತು. ಅವನು ಮೇಜು ಕೆಳಗಿಟ್ಟು ಹೊರಟ. ಅಕ್ಕ, "ಇನ್ನೆರಡೇ ಅಲ್ವಾ, ಮುಗಿಸಿಬಿಟ್ಟು ಹೋಗು" ಎಂದಳು. ಕೊನೆಯ ಮೇಜು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು, ಓರೆ ಮಾಡಿ, ಎತ್ತಿ, ಇಬ್ಬರೂ ಸೇರಿ ತಳ್ಳುತ್ತಿರುವಾಗ ಹೊರಗೆ ಬ್ರೇಕಿನ ಸದ್ದು ಕೇಳಿಸಿತು.

ಆ ಸಂಜೆ ಹೆಡ್ ಮೇಡಂ ಇಬ್ಬರನ್ನೂ ಕೂರಿಸಿಕೊಂಡು, "ಹೋದ ಜೀವ ಬರಲ್ಲ. ಇರೋರ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?" ಅಂದರು. ಸೀಟಿ ಮಾಮ ಜಾಗದಲ್ಲೇ ಇದ್ದ, ಮಗು ಅವನ ಸನ್ನೆಗೆ ಕಾಯದೆ ಓಡಿತು ಎಂದು ಪೊಲೀಸರಿಗೆ ಕೊಡುವ ವರದಿ ತಯಾರಾಯಿತು. ಅಕ್ಕ ಅದನ್ನು ಟೈಪ್ ಮಾಡಿದಳು. ಅವನು ಸಹಿ ಹಾಕಿದ. ಸತ್ತ ಮಗು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ಮುಂದಿನ ವಾರ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹೆಡ್ ಮೇಡಂ ಆ ಮಗುವಿನ ಹೆಸರು ಹೇಳಿ, "ಸನ್ನೆಗೆ ಕಾಯದಿದ್ರೆ ಏನಾಗುತ್ತೆ ನೋಡಿದ್ರಲ್ಲ ಮಕ್ಕಳೇ" ಅಂದರು. ಗೌರವಕ್ಕೆಂದು ಕರೆಸಿದ್ದ ಅಪ್ಪ ಅಮ್ಮ ಮೊದಲ ಸಾಲಿನ ಪಕ್ಕದಲ್ಲಿ ನಿಂತಿದ್ದರು. ತಲೆ ತಗ್ಗಿಸಿದ್ದರು, ತಮ್ಮ ಮಗಳು ಕದ್ದು ಸಿಕ್ಕಿಬಿದ್ದವಳು ಎಂಬಂತೆ.

ಅಂದಿನಿಂದ ಅಕ್ಕನಿಗೆ ಅನ್ನ ಸೇರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಯಾರು ಏನು ಪಿಸುಗುಟ್ಟಿದರೂ ತನ್ನದೇ ಸುದ್ದಿ ಅನಿಸುತ್ತಿತ್ತು. ಸೀಟಿ ಮಾಮ ಅವಳ ಜೊತೆ ಮಾತು ಬಿಟ್ಟಿದ್ದ. ಒಂದೇ ಒಂದು ಸಲ, ಗೇಟಿನ ಹತ್ತಿರ, ನೆಲ ನೋಡಿಕೊಂಡು ಅಂದಿದ್ದ: "ಎದುರುಗಡೆ ಹಣ್ಣು ಮಾರೋ ಅಜ್ಜಿ ಹೇಳಿದ್ಲು. ಮಗು ಓಡಲಿಲ್ಲವಂತೆ." ಅಕ್ಕ ಆಮೇಲೆ ಆ ಅಜ್ಜಿಯ ಬಳಿಯೇ ಹೋಗಿ ನಡೆದದ್ದನ್ನೆಲ್ಲ ಕೇಳಿಕೊಂಡು ಬಂದಿದ್ದಳು.

ಕರೆಯೋಲೆ ಹೋದ ವಿಷಯ ಕೇಳಿ ಹೆಡ್ ಮೇಡಂ ಹಣೆ ಚಚ್ಚಿಕೊಂಡರು. "ಏನಕ್ಕ ನೀವು? ಅವರಿಗೆ ಫೋನ್ ಮಾಡಿ, ನಾಜೂಕಾಗಿ ಬೇಡ ಅನ್ನಿ. ರಜೆ ಖುಷಿಯಲ್ಲಿ ಬಂದ ಮಕ್ಕಳೆದುರಿಗೆ ಅವರು ಕೂತ್ರೆ ಹೇಗಿರುತ್ತೆ?"

ಹೂಂ ಅಂದಳು ಅಕ್ಕ. ಫೋನು ಮಾಡಲಿಲ್ಲ.

ತಿಂಡಿಯ ದಿನ ಬೆಳಗ್ಗೆ ಐದೂವರೆಗೇ ಬಂದು ಅಡುಗೆಮನೆಯ ಬೀಗ ತೆಗೆದಳು. ಚಳಿಗೆ ನಲ್ಲಿಯ ನೀರು ಬೆರಳು ಕಚ್ಚುವಂತಿತ್ತು. ನಾಲ್ಕು ಪಾತ್ರೆಗಳಲ್ಲಿ ಮೊಟ್ಟೆ ಬೇಯಲಿಟ್ಟಳು. ಅಡುಗೆಯವಳು ಬಂದು ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದಳು. ಸಭಾಂಗಣದಲ್ಲಿ ಮೇಜು ಎಳೆಯುವ ಸದ್ದು ಕೇಳುತ್ತಿತ್ತು. ಅಕ್ಕ ಆ ಕಡೆ ಹೋಗಲಿಲ್ಲ. ಸದ್ದು ನಿಂತ ಮೇಲೆ ಹೋಗಿ ಬಿಳಿ ಕಾಗದದ ಹಾಸು ಹಾಸಿ, ಅಂಚುಗಳಿಗೆ ಅಂಟಿನ ಪಟ್ಟಿ ಹಚ್ಚಿದಳು.

ಎಲ್ಲರಿಗಿಂತ ಮೊದಲು ಬಂದವರು ಅವರಿಬ್ಬರೇ. ತಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಅದರ ಕಾಲರು ಕೊರಳಿಗೆ ದೊಡ್ಡದಾಗಿ ಕಾಣುತ್ತಿತ್ತು, ಅಷ್ಟು ಇಳಿದು ಹೋಗಿದ್ದ. ತಾಯಿ ದೊಡ್ಡ ಡಬ್ಬದ ತುಂಬ ಕಿತ್ತಳೆ ಸುಲಿದು, ನಾರು ತೆಗೆದು, ಬೀಜವನ್ನೂ ಬಿಡಿಸಿ ತಂದಿದ್ದಳು. ರಾತ್ರಿಯೆಲ್ಲ ಅದನ್ನೇ ಮಾಡಿರಬೇಕು. "ಚಿಕ್ಕ ಮಕ್ಕಳಿಗೆ ಬೀಜ ಗಂಟಲಿಗೆ ಸಿಕ್ಕುತ್ತಲ್ಲ" ಅಂದಳು.

ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರೂ ಕೂತರು. ಎಂಟು ಕುರ್ಚಿಯ ಮೇಜು.

ಸಭಾಂಗಣ ತುಂಬಿತು. ಅಜ್ಜಿ ತಾತಂದಿರು ಬಂದರು, ಕಂಕುಳ ಕೂಸುಗಳು ಬಂದವು. ಹತ್ತು ಜನ ಹಿಡಿಯದ ಮೇಜಿಗೆ ಹದಿಮೂರು ಜನ ಒತ್ತಿಕೊಂಡು ಕೂತರು. ಕಿಟಕಿಯ ಪಕ್ಕದ ಆರು ಕುರ್ಚಿ ಹಾಗೇ ಉಳಿದವು. ಒಬ್ಬ ಹೆಂಗಸು ತಟ್ಟೆ ಹಿಡಿದು ಅತ್ತ ಬಂದವಳು, ಮುಖ ನೋಡಿ ತಡೆದು, "ಅಯ್ಯೋ, ಅಲ್ಲಿ ನಮ್ಮತ್ತೆ ಕರೀತಿದಾರೆ" ಎಂದು ತಿರುಗಿದಳು. ಯಾವ ಅತ್ತೆಯೂ ಕರೆದಿರಲಿಲ್ಲ. ಕಿತ್ತಳೆಯ ಡಬ್ಬ ಮುಚ್ಚಳ ತೆರೆದಿದ್ದಂತೆಯೇ ಮೇಜಿನ ನಡುವೆ ಇತ್ತು. ಯಾರೂ ಒಂದು ತೊಳೆ ಮುಟ್ಟಲಿಲ್ಲ.

ಹೆಡ್ ಮೇಡಂ ಬಾಗಿಲ ಹತ್ತಿರ ಅಕ್ಕನನ್ನು ಹಿಡಿದರು. "ಹೇಳ್ಲಿಲ್ವಾ ನೀವು? ಆಯ್ತು, ಬಂದದ್ದು ಬಂದ್ರು. ಫೋಟೋ ತೆಗೆಯೋ ಮೊದಲು ಹೇಗಾದ್ರೂ ಮಾಡಿ ಹೊರಡಿಸಿ."

ಅಕ್ಕ ಎರಡು ಲೋಟ ಚಹಾ ತೆಗೆದುಕೊಂಡು ಅವರ ಬಳಿ ಹೋದಳು. ಲೋಟ ಇಟ್ಟಳು. ಹೊರಡಿ ಎನ್ನುವುದಕ್ಕೆ ಮಾತು ಹುಡುಕುತ್ತ ನಿಂತಳು.

"ಕೂತ್ಕೊಳ್ಳಿ ಅಕ್ಕ," ಎಂದಳು ತಾಯಿ. "ಬೆಳಗ್ಗೆಯಿಂದ ನಿಂತೇ ಇದೀರಿ."

ಅಕ್ಕ ಕೂತಳು.

"ಹೋದ ವರ್ಷ ಇದೇ ಮೇಜು," ಎಂದಳು ತಾಯಿ. "ಹಾಲು ಚೆಲ್ಲಿದ್ಲು, ಬೈದಿದ್ದೆ." ಚಹಾ ಲೋಟವನ್ನು ಸುಮ್ಮನೆ ತಿರುಗಿಸಿದಳು. "ಈಗಲೂ ಬೈತೀನಿ ಅಕ್ಕ. ಅನ್ನಕ್ಕಿಡುವಾಗ, ಬಟ್ಟೆ ಒಗೆಯುವಾಗ. ಮಾಮ ಕೈ ತೋರಿಸೋವರೆಗೂ ಕದಲಬೇಡ ಅಂತ ದಿನಾ ಬಡ್ಕೊಂಡೆನಲ್ಲೇ, ಯಾಕೆ ಓಡಿದೆ, ಏನು ಅವಸರ ಇತ್ತು ನಿಂಗೆ ಅಂತ. ಸತ್ತ ಮಗೂನ ಬೈಯೋ ತಾಯಿ ಇರ್ತಾಳಾ? ನಾನಿದೀನಿ."

ಗಂಡ, "ಸಾಕು ಬಿಡು" ಎಂದ ಮೆತ್ತಗೆ.

ಕೆಲಸ, ಮನೆ ಬಾಡಿಗೆ, ಹೆಡ್ ಮೇಡಂ, ಸೀಟಿ ಮಾಮನ ಹೆಂಡತಿ, ಎಲ್ಲ ಒಮ್ಮೆ ಅಕ್ಕನ ಕಣ್ಣ ಮುಂದೆ ಬಂದು ಹೋದವು. ಆಮೇಲೆ ಅವಳು ಹೇಳಿದಳು.

"ಅವಳು ಓಡಲಿಲ್ಲಮ್ಮ."

ಇಬ್ಬರೂ ತಲೆಯೆತ್ತಿದರು.

"ಕೈ ತೋರ್ಸೋಕೆ ಅಲ್ಲಿ ಯಾರೂ ಇರಲಿಲ್ಲ. ಅವನನ್ನ ನಾನು ಒಳಗೆ ಕರೆದಿದ್ದೆ, ಮೇಜು ಹೊರೋಕೆ. ಬೆಲ್ ಹೊಡೆದಾಗ ಅವನು ಹೊರಟ. ನಾನೇ ತಡೆದೆ. ಇನ್ನೆರಡೇ ಅಂದೆ."

ತಾಯಿ ರೆಪ್ಪೆ ಬಡಿಯಲಿಲ್ಲ. "ಎಷ್ಟು ಮೇಜು?"

"ಹದಿನಾಲ್ಕು."

"ಅವಳು?"

"ನಿಂತಿದ್ಲಂತೆ. ಹಣ್ಣಿನಜ್ಜಿ ನೋಡಿದಾಳೆ. ಐದಾರು ನಿಮಿಷ ಅಂಚಲ್ಲೇ ನಿಂತಿದ್ಲಂತೆ. ತಿರುಗಿ ತಿರುಗಿ ಗೇಟು ನೋಡ್ತಿದ್ಲಂತೆ. ಎಲ್ಲರೂ ಹೋದ್ಮೇಲೆ ಒಂದೊಂದೇ ಹೆಜ್ಜೆ ಇಟ್ಕೊಂಡು ಹೊರಟ್ಲಂತೆ."

ತಾಯಿ ಗಂಡನ ತೋಳು ಹಿಡಿದಳು. "ಕೇಳಿದ್ರಾ? ನಿಂತಿದ್ಲಂತೆ. ನಾ ಹೇಳಿದ ಹಾಗೇ ನಿಂತಿದ್ಲಂತೆ ರೀ." ಆ ದನಿಯಲ್ಲಿ ಸಂತೋಷದಂಥದ್ದೇನೋ ಇತ್ತು. ಬೈದಿದ್ದರೆ, ಹೊಡೆದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗದೆ ಮುಖ ಪಕ್ಕಕ್ಕೆ ತಿರುಗಿಸಿದಳು.

ತಂದೆ ಎದ್ದ. ಹೆಡ್ ಮೇಡಂ ಮೈಕಿನ ಮುಂದೆ ನಿಂತು ಎಲ್ಲರಿಗೂ ರಜೆಯ ಶುಭಾಶಯ ಹೇಳುತ್ತಿದ್ದರು. ಅವನು ಮೇಜುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ವೇದಿಕೆಯ ಕೆಳಗೆ ನಿಂತ.

"ಮೇಡಂ, ನೀವು ಪೊಲೀಸರಿಗೆ ಕೊಟ್ಟ ಕಾಗದ ಸುಳ್ಳಾ?"

ಚಮಚಗಳ ಸದ್ದು ಒಂದೊಂದಾಗಿ ನಿಂತಿತು. ಹೆಡ್ ಮೇಡಂ ಮೈಕಿಗೆ ಕೈ ಅಡ್ಡ ಹಿಡಿದು, "ಆಫೀಸಿಗೆ ಬನ್ನಿ ಸರ್, ಕೂತು ಮಾತಾಡೋಣ" ಎಂದರು.

"ನನ್ನ ಮಗಳು ಓಡಿದ್ಲು ಅಂತ ಎಲ್ಲರ ಮುಂದೆ ಹೇಳಿದ್ರಿ. ಇದನ್ನೂ ಎಲ್ಲರ ಮುಂದೆ ಹೇಳಿ."

ಹೆಡ್ ಮೇಡಂ ಅಕ್ಕನ ಕಡೆ ನೋಡಿದರು. ಸಭಾಂಗಣವೆಲ್ಲ ಅವರ ನೋಟದ ಹಿಂದೆಯೇ ತಿರುಗಿತು. ನೀರಿಗಿಳಿದ ಮೇಲೆ ಚಳಿಯೇನು ಎಂದು ಅಕ್ಕ ಎದ್ದು ನಿಂತಳು.

"ಸುಳ್ಳು," ಎಂದಳು. "ಟೈಪ್ ಮಾಡಿದ್ದು ನಾನೇ."

ಗೋಡೆಗೆ ಒರಗಿ ನಿಂತಿದ್ದ ಸೀಟಿ ಮಾಮ ಯಾರನ್ನೂ ನೋಡದೆ ಹೊರಗೆ ನಡೆದುಬಿಟ್ಟ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಪೊಲೀಸರು ಮತ್ತೆ ಬಂದರು. ಅಕ್ಕ ಮೂರು ಸಲ ಹೇಳಿಕೆ ಕೊಟ್ಟಳು, ಹಣ್ಣಿನಜ್ಜಿಯೂ ಬಂದು ಹೆಬ್ಬೆಟ್ಟು ಒತ್ತಿದಳು. ವರದಿ ತಿದ್ದಿದರು. ಹೆಡ್ ಮೇಡಂ ರಜೆಯ ಮೇಲೆ ಹೋಗಿ, ಇನ್ನೊಂದು ಶಾಲೆಯಲ್ಲಿ ಅದೇ ಕುರ್ಚಿಯಲ್ಲಿ ಕೂತರು. ಅಕ್ಕನ ಕೆಲಸ ಹೋಯಿತು, ಸೀಟಿ ಮಾಮನದೂ ಹೋಯಿತು. ಇಬ್ಬರ ಮೇಲೂ ಮೊಕದ್ದಮೆ ನಡೆಯುತ್ತಿತ್ತು. ಅಪ್ಪ ಅಮ್ಮಂದಿರಲ್ಲಿ ಕೆಲವರು ಅವಳನ್ನು ದಾರಿಯಲ್ಲಿ ಕಂಡರೆ ಉಗಿಯುವಂತೆ ನೋಡುತ್ತಿದ್ದರು. ಕೆಲವರು, "ಬಾಯ್ ಮುಚ್ಕೊಂಡಿದ್ರೆ ಆಗ್ತಿತ್ತು, ಮಕ್ಕಳ ತಿಂಡಿ ಹಾಳು ಮಾಡಿದ್ಲು" ಅನ್ನುತ್ತಿದ್ದರು.

ಆ ತಾಯಿ ಒಮ್ಮೆ ಔಷಧದ ಅಂಗಡಿಯ ಸಾಲಿನಲ್ಲಿ ಸಿಕ್ಕಳು. ಅಕ್ಕ ಹಿಂದೆ ಸರಿಯುವಷ್ಟರಲ್ಲಿ ಅವಳೇ ತಿರುಗಿದಳು. "ಈಗ ಅವಳನ್ನ ಬೈಯಲ್ಲ," ಎಂದಳು. "ನಿಮ್ಮನ್ನ ಬೈತೀನಿ. ದಿನಾ." ಅಷ್ಟು ಹೇಳಿ ತನ್ನ ಚೀಟಿಯನ್ನು ಅಂಗಡಿಯವನಿಗೆ ಕೊಟ್ಟಳು.

ಬೇಸಿಗೆ ಬಂದ ಮೇಲೆ ಅಕ್ಕ ಸೀಟಿ ಮಾಮನ ಮನೆ ಹುಡುಕಿಕೊಂಡು ಹೋದಳು. ಕ್ಷಮೆ ಕೇಳಬೇಕು ಎಂದುಕೊಂಡಿದ್ದಳು. ಅವನ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ಅವನೇ ಹೊರಬಂದು ಮೆಟ್ಟಿಲ ಮೇಲೆ ಕೂತ. ಈಗ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಹೆಗಲ ಮೇಲೆ ಅಂಗಿ ಸವೆದು ಜಾಳಾಗಿತ್ತು.

"ನಿಮ್ಮ ಹೊಟ್ಟೆ ಹಗುರ ಆಯ್ತು," ಎಂದ. "ನನ್ನ ಒಂದ್ ಮಾತು ಕೇಳಿದ್ರಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ," ಎಂದು ಅವನು ಒಪ್ಪಿಕೊಂಡ. ಹೆಂಡತಿ ಒಳಗಿನಿಂದ ಒಂದು ಲೋಟ ನೀರು ತಂದು, ಅಕ್ಕನ ಕೈಗೆ ಕೊಡದೆ, ಪಕ್ಕದ ಕಲ್ಲಿನ ಮೇಲೆ ಇಟ್ಟು ಹೋದಳು. ಬಿಸಿಲಿಗೆ ಬಾಯಿ ಒಣಗಿತ್ತು. ಅಕ್ಕ ಎತ್ತಿಕೊಂಡು ಕುಡಿದಳು.

ಅವನು ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲಾರಿ ಬರುವ ವೇಳೆಯಾಯಿತೆಂದು ಎದ್ದು, ಟವೆಲ್ಲು ಕೊಡವಿ ತಲೆಗೆ ಸುತ್ತಿಕೊಂಡು ಮಂಡಿಯ ಕಡೆ ನಡೆದ.