ತಂಗಿಯ ನೀರು

ಮೂರು ದಿನದ ಸಂಗೀತೋತ್ಸವಕ್ಕೆ ಹೋಗುತ್ತೇನೆ ಎಂದು ತಂಗಿ ಹೇಳಿದಾಗ ಮೊದಲು ಬಾಯಿ ತೆರೆದವಳು ಅಮ್ಮ. "ಅಕ್ಕನ ಕಿಡ್ನಿ ಹೊಟ್ಟೇಲಿಟ್ಕೊಂಡು ಮೈದಾನದಲ್ಲಿ ಕುಣೀತಾಳಂತೆ" ಎಂದು ಒಲೆಯ ಮುಂದೆ ನಿಂತು ಗೋಡೆಗೆ ಹೇಳಿದಳು. ತೀರಾ ಸಿಟ್ಟು ಬಂದರೆ ಅಮ್ಮನ ಮಾತೆಲ್ಲ ಗೋಡೆಯ ಜೊತೆಗೇ.

ಸಿಟ್ಟಿಗೆ ಕಾರಣವೂ ಇತ್ತು. ತಂಗಿಯ ಎರಡೂ ಕಿಡ್ನಿ ಕೈಕೊಟ್ಟು, ಅವಳು ಡಯಾಲಿಸಿಸ್ ಕುರ್ಚಿಗೆ ಅಂಟಿಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದ ಕಾಲವನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಕೊನೆಗೆ ಅಕ್ಕ ತನ್ನದೊಂದನ್ನು ಕೊಟ್ಟಳು. ಕೊಟ್ಟ ಕೆಲವೇ ವಾರಗಳಲ್ಲಿ ಹೋಟೆಲಿನ ಲಾಂಡ್ರಿಗೆ ಮರಳಿ, ಎಂದಿನಂತೆ ಹಾಸಿಗೆಯ ಚಾದರಗಳನ್ನು ಎಣಿಸುತ್ತ, ಕಲೆ ಹೋಗಿಲ್ಲವೆಂದು ಕೆಲಸದವರನ್ನು ಗದರುತ್ತ ನಿಂತಳು. ಅತ್ತ ಮನೆಯಲ್ಲಿ ಆ ಕಿಡ್ನಿಗೆ ಹೊಸ ಅಳಿಯನ ಉಪಚಾರ ಶುರುವಾಯಿತು. ತಂಗಿಯ ತಟ್ಟೆ ಬೇರೆ, ಟವೆಲ್ ಬೇರೆ. ಅವಳ ನೀರಿನ ಬಾಟಲಿಗೆ ಇನ್ನೊಬ್ಬರು ಬಾಯಿ ಹಚ್ಚುವಂತಿಲ್ಲ. ಅವಳು ನುಂಗುವ ಮಾತ್ರೆಗಳು ಕಿಡ್ನಿಯನ್ನು ಉಳಿಸುತ್ತವೆ, ಆದರೆ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ; ಒಂದು ಸಣ್ಣ ಸೋಂಕೂ ಅವಳಿಗೆ ಸಣ್ಣದಲ್ಲ. ಬಾಟಲಿಯ ಈ ಕಟ್ಟಳೆ ಮಾಡಿದವಳು ಅಕ್ಕನೇ.

"ಆ ಕುರ್ಚೀಲಿ ಕೂತು ಹೆಡ್‌ಫೋನ್ ಹಾಕ್ಕೊಂಡು ಇದೇ ಸಂಗೀತ ಕೇಳ್ತಾ ಇದ್ದೆ ಕಣಮ್ಮ" ಎಂದಳು ತಂಗಿ. "ಮಾತಿಲ್ಲ, ಕತೆಯಿಲ್ಲ, ಬರೀ ದಢ್ ದಢ್. ಇದು ನಿಲ್ಲೋವರೆಗೂ ನಾನೂ ನಿಲ್ಲಲ್ಲ ಅಂದ್ಕೋತಿದ್ದೆ. ಒಂದ್ ಸಲ ಎದ್ದು ನಿಂತ್ಕೊಂಡು ಕೇಳ್ಬೇಕು, ಅಷ್ಟೇ."

ಅಮ್ಮ ಈ ಸಲ ಗೋಡೆಯನ್ನು ಬಿಟ್ಟು, ಡಾಕ್ಟರನ್ನೇ ಕೇಳು ಎಂದಳು. ಡಾಕ್ಟರು ಷರತ್ತು ಹಾಕಿ ಒಪ್ಪಿದರು: ಮಾತ್ರೆ ಹೊತ್ತಿಗೆ ಸರಿಯಾಗಿ, ನೀರು ಧಾರಾಳವಾಗಿ, ಬಿಸಿಲು ಆದಷ್ಟು ಕಡಿಮೆ, ಸಿಕ್ಕಸಿಕ್ಕ ನೋವಿನ ಮಾತ್ರೆ ಬೇಡವೇ ಬೇಡ. "ನಾನೂ ಜೊತೇಲಿ ಹೋಗ್ತೀನಿ" ಎಂದಳು ಅಕ್ಕ. ತಂಗಿಯ ಮುಖ ಸಪ್ಪಗಾಯಿತು, ಆದರೂ ತಲೆಯಾಡಿಸಿದಳು.

ಅಕ್ಕನಿಗೆ ಇಂಥ ಉತ್ಸವದ ಗಂಧಗಾಳಿ ಇರಲಿಲ್ಲ. ಹೋಟೆಲಿನ ಬಾರಿನಲ್ಲಿ ಸಂಗೀತ ಹಾಕುವವನನ್ನು ಹಿಡಿದು ಕೂರಿಸಿ ಎಲ್ಲ ಕೇಳಿಕೊಂಡಳು. ಅವನು ಇಸ್ತ್ರಿಮೇಜಿನ ತುದಿಗೆ ಒರಗಿ ದೊಡ್ಡ ಪಾಠವನ್ನೇ ಮಾಡಿದ. "ಹೊಸ ಬೂಟು ಹಾಕ್ಬೇಡಿ ಅಕ್ಕಾ, ಎರಡನೇ ದಿನಕ್ಕೇ ಕುಂಟ್ತೀರಿ. ಡೇರೆ ಮರದ ನೆರಳಲ್ಲಿ ಹಾಕಿ, ಇಲ್ಲಾಂದ್ರೆ ಬೆಳಿಗ್ಗೆ ಒಳಗೇ ಬೆಂದು ಹೋಗ್ತೀರಿ. ಟಾಯ್ಲೆಟ್ ತೀರಾ ಹತ್ರಾನೂ ಬೇಡ, ದೂರಾನೂ ಬೇಡ. ಸ್ಪೀಕರ್ ಎದುರಿಗೆ ನಿಲ್ಲಬೇಡಿ, ಕಿವಿಗೆ ಪ್ಲಗ್ ಇರಲಿ. ಖಾಲಿ ಬಾಟಲಿ ತಗೊಂಡ್ಹೋಗಿ, ಒಳಗೆ ನಲ್ಲಿ ಇರುತ್ತೆ. ಜನ ಸೇರಿದ್ಮೇಲೆ ಫೋನ್ ನಂಬ್ಕೋಬೇಡಿ, ತಪ್ಪಿಸ್ಕೊಂಡ್ರೆ ಎಲ್ಲಿ ಸೇರೋದು ಅಂತ ಮೊದಲೇ ಮಾತಾಡ್ಕೊಳ್ಳಿ. ಎಲ್ಲಾ ನೋಡಿಬಿಡ್ತೀನಿ ಅಂತ ಓಡಾಡ್ಬೇಡಿ, ಮಧ್ಯಾಹ್ನ ಮಲಗಿ."

ಹೇಳಿದವನು ಸರಿಯಾಗಿಯೇ ಹೇಳಿದ. ಕೇಳಿಸಿಕೊಂಡವಳು ಎಲ್ಲವನ್ನೂ ತಂಗಿಗೆಂದೇ ಕೇಳಿಸಿಕೊಂಡಳು. ಅಗಲ ಅಂಚಿನ ಟೋಪಿ ತಂಗಿಗೆ, ಒಳ್ಳೆಯ ಕಿವಿ ಪ್ಲಗ್ ತಂಗಿಗೆ, ತನಗೆ ಎರಡು ಉಂಡೆ ಹತ್ತಿ. ಇದನ್ನು ತ್ಯಾಗವೆಂದು ಅವಳು ಅಂದುಕೊಂಡಿರಲಿಲ್ಲ. ಅದು ಅವಳಿಗೆ ಹೊಳೆದೇ ಇರಲಿಲ್ಲ, ಅದೇ ತೊಂದರೆ.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಎತ್ತರದ ಧ್ವಜಕಂಬದ ಬುಡವನ್ನು ಸೇರುವ ಜಾಗವೆಂದು ಗೊತ್ತುಮಾಡಿಕೊಂಡರು. ಸಂಜೆಗೆ ಮುಂಚೆ ದೊಡ್ಡ ವೇದಿಕೆಯಲ್ಲಿ ಮೊದಲ ಬಡಿತ ಬಿದ್ದಾಗ ಅಕ್ಕನ ಹಲ್ಲುಗಳೇ ಅದುರಿದವು. ತಂಗಿ ಜನರ ನಡುವೆ ಕಣ್ಣು ಮುಚ್ಚಿ ನಿಂತಿದ್ದಳು, ಕುಣಿಯಲೂ ಇಲ್ಲ. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದನ್ನು ಕಂಡು ಅಕ್ಕ, ಬಂದದ್ದು ಸಾರ್ಥಕವಾಯಿತು ಎಂದುಕೊಂಡಳು. ಎಂದುಕೊಂಡು ಬಾಟಲಿ ಮುಂದೆ ಹಿಡಿದಳು. "ಕುಡಿ."

ಈ 'ಕುಡಿ' ಎಂಬುದು ನಿಲ್ಲಲೇ ಇಲ್ಲ. ಹಾಡಿನ ನಡುವೆ ಕುಡಿ, ಊಟಕ್ಕೆ ಮುಂಚೆ ಕುಡಿ, ಯಾರೊಡನಾದರೂ ಮಾತಿಗೆ ನಿಂತರೆ ಕುಡಿ. ಪಕ್ಕದ ಡೇರೆಯವರು ಅವಳಿಗೆ ನೀರಕ್ಕ ಎಂದೇ ಹೆಸರಿಟ್ಟರು. ಎರಡನೆಯ ದಿನ ಬೆಳಿಗ್ಗೆ ಅಕ್ಕ ತನಗೆ ತಲೆ ಸಿಡಿಯುತ್ತಿದೆ ಎಂದಾಗ ಅವರೇ ನೋವಿನ ಮಾತ್ರೆ ಕೊಟ್ಟರು. ತಂಗಿಯ ಕೈಯಲ್ಲಿ ಕಂಡಿದ್ದರೆ ಕಿತ್ತು ಬಿಸಾಡುತ್ತಿದ್ದ ಜಾತಿಯ ಮಾತ್ರೆ ಅದು. ಅಕ್ಕ ಯೋಚಿಸದೆ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಿಸಿಲೇರುವ ಹೊತ್ತಿಗೆ ಜಗಳವಾಯಿತು. ತಂಗಿ ಅಂಗಡಿಯೊಂದರ ಮುಂದೆ ಯಾರೊಡನೆಯೋ ನಗುತ್ತಿದ್ದಳು. ಅಕ್ಕ ಹೋಗಿ ಅವಳ ಟೋಪಿ ಸರಿಮಾಡಿ, ಬಾಟಲಿ ಮುಂದೊಡ್ಡಿದಳು.

"ಸಾಕು ಮಾಡ್ತೀಯಾ?" ಎಂದಳು ತಂಗಿ. "ನೀನು ನನ್ನ ನೋಡ್ಕೊಳ್ಳೋಕೆ ಬಂದಿದ್ದೀಯೋ, ಅದನ್ನ ನೋಡ್ಕೊಳ್ಳೋಕೆ ಬಂದಿದ್ದೀಯೋ?"

"ಅದನ್ನೇ" ಎಂದಳು ಅಕ್ಕ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಬಾಯಿ ಜಾರಿತು. "ನಂದು ಅದು. ಹಾಳು ಮಾಡೋಕೆ ಕೊಟ್ಟಿಲ್ಲ."

ತಂಗಿ ಟೋಪಿಯನ್ನು ತೆಗೆದು ಅಕ್ಕನ ಕೈಗಿಟ್ಟು ಗುಂಪಿನೊಳಗೆ ನಡೆದುಬಿಟ್ಟಳು.

ಆಮೇಲಿನ ಮಧ್ಯಾಹ್ನವೆಲ್ಲ ಅಕ್ಕನದು ಒಂದೇ ಸಮನೆ ಹುಡುಕಾಟ. ಧ್ವಜಕಂಬದ ಬುಡದಲ್ಲಿ ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು, ಆದರೆ ಸುಮ್ಮನೆ ನಿಲ್ಲುವ ಜಾಯಮಾನ ಅವಳದಲ್ಲ. ವೇದಿಕೆಯಿಂದ ವೇದಿಕೆಗೆ, ಅಂಗಡಿ ಸಾಲಿನಿಂದ ಡೇರೆಗಳ ಸಾಲಿಗೆ ಅಲೆದಳು. ನೆತ್ತಿ ಸುಡುತ್ತಿತ್ತು, ಕೈಯಲ್ಲಿದ್ದ ಟೋಪಿ ಕೈಯಲ್ಲೇ ಇತ್ತು. ಸೆರಗಿನ ಗಂಟು ಬಿಚ್ಚಿ ಎರಡನೆಯ ಮಾತ್ರೆಯನ್ನು ಒಣ ಬಾಯಿಯಲ್ಲೇ ನುಂಗಿದಳು. ಹೆಗಲ ಚೀಲದಲ್ಲಿ ಬಾಟಲಿ ತುಂಬಾ ನೀರಿತ್ತು. ಆದರೆ ಅದು ತಂಗಿಯ ನೀರು. ನಲ್ಲಿಯ ಮುಂದೆ ಉದ್ದದ ಸಾಲು. ಸಾಲಿನಲ್ಲಿ ನಿಂತರೆ ಅಷ್ಟು ಹೊತ್ತು ಹುಡುಕುವುದು ತಪ್ಪುತ್ತದೆ. ಹಾಗಾಗಿ ಅಕ್ಕ ತುಂಬಿದ ಬಾಟಲಿ ಹೊತ್ತುಕೊಂಡೇ, ಒಂದು ಗುಟುಕೂ ಕುಡಿಯದೆ, ಮೈದಾನವೆಲ್ಲ ಸುತ್ತಿದಳು. ಹುಚ್ಚು ಎನ್ನಬೇಕೋ ಪ್ರೀತಿ ಎನ್ನಬೇಕೋ, ನೀವೇ ಹೇಳಿ.

ಸಣ್ಣ ವೇದಿಕೆಯ ಹಿಂದೆ ಅವಳು ಕುಸಿದು ಬಿದ್ದಳು. ಯಾರೋ ಎತ್ತಿ ಚಿಕಿತ್ಸೆಯ ಡೇರೆಗೆ ತಂದರು. ಕಣ್ಣು ಬಿಟ್ಟಾಗ ನರ್ಸ್ ಬಿ.ಪಿ. ನೋಡಲು ತೋಳಿಗೆ ಪಟ್ಟಿ ಸುತ್ತುತ್ತಿದ್ದಳು.

"ತಂಗಿ ಧ್ವಜಕಂಬದ ಹತ್ರ ಬರಬಹುದು" ಎಂಬುದೇ ಅಕ್ಕನ ಮೊದಲ ಮಾತು. ಸ್ವಯಂಸೇವಕನೊಬ್ಬ ಅತ್ತ ಓಡಿದ.

"ಏನಾದ್ರೂ ಕಾಯಿಲೆ ಇದೆಯಾ? ಆಪರೇಷನ್ ಏನಾದ್ರೂ?"

"ಕಿಡ್ನಿ ಹಾಕಿದ್ದಾರೆ. ಸಂಜೆ ಮಾತ್ರೆ ತಪ್ಪಬಾರದು, ಚೀಲದಲ್ಲಿದೆ. ಅವಳಿಗೆ ನೋವಿನ ಮಾತ್ರೆ ಕೊಡಬೇಡಿ."

"ಅವಳಿಗೆ ಅಂದ್ರೆ?"

"ನನ್ನ ತಂಗಿಗೆ."

"ನಾನು ನಿಮ್ಮದು ಕೇಳ್ತಿರೋದು."

"ನನಗೇನಿಲ್ಲಮ್ಮ. ಗುಂಡುಕಲ್ಲಿನ ಹಾಗಿದ್ದೀನಿ."

ಅವಳು ಸುಳ್ಳು ಹೇಳಲಿಲ್ಲ. ಕೊಟ್ಟದ್ದು ತಂಗಿಯ ಹೊಟ್ಟೆಯಲ್ಲಿ ಇದೆಯೆಂಬುದು ಅವಳಿಗೆ ಹಗಲಿರುಳೂ ನೆನಪಿತ್ತು. ತನ್ನಲ್ಲಿ ಉಳಿದದ್ದೂ ಒಂದೇ ಎಂಬುದು ಮರೆತುಹೋಗಿತ್ತು. ಡೇರೆಯ ಬಾಗಿಲ ಪರದೆ ಸರಿಸಿ ಒಳಗೆ ನುಗ್ಗಿದ ತಂಗಿಯೇ ಅದನ್ನು ಹೇಳಬೇಕಾಯಿತು.

"ಅಕ್ಕನಿಗೆ ಒಂದೇ ಕಿಡ್ನಿ ಇರೋದು. ಇನ್ನೊಂದು ನನಗೆ ಕೊಟ್ಟಿದ್ದಾಳೆ."

ನರ್ಸಿನ ಕೈ ನಿಂತಿತು. "ಇವತ್ತು ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದು ಕೇಳಿದಳು. ಅಕ್ಕ ಹೆಸರು ಹೇಳುತ್ತಿದ್ದಂತೆ ಅವಳು ಎದ್ದು ಆಂಬುಲೆನ್ಸಿಗೆ ಹೇಳಿಕಳಿಸಿದಳು.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ನೀರಿಲ್ಲದೆ ಸೋತಿರೋ ಕಿಡ್ನಿ, ಅದರ ಮೇಲೆ ಆ ಮಾತ್ರೆ ಬೇರೆ. ಪೆಟ್ಟು ಬಿದ್ದಿದೆ. ಚೇತರಿಸ್ಕೊಳ್ಳುತ್ತೆ ಅನ್ಸುತ್ತೆ, ಆದ್ರೆ ಈಗಲೇ ಮಾತು ಕೊಡಲ್ಲ."

ಮೂರನೆಯ ದಿನದ ಬೆಳಕು ವಾರ್ಡಿನ ಕಿಟಕಿಯಿಂದ ಒಳಗೆ ಬಿದ್ದಿತ್ತು. ಅಕ್ಕನ ಮುಖ ಊದಿತ್ತು, ಕೈಗೆ ಡ್ರಿಪ್ ಹಾಕಿದ್ದರು. ತಂಗಿ ಮಂಚದ ಪಕ್ಕದಲ್ಲಿ ಮಾಸ್ಕ್ ಹಾಕಿ ಕುಳಿತಿದ್ದಳು. ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲದ ಕಡೆಗೇ ಅವಳ ಕಣ್ಣು. ಅದರಲ್ಲಿ ಅಡಿ ಮುಚ್ಚುವಷ್ಟೂ ಸೇರಿರಲಿಲ್ಲ.

"ನೀನು ಹೊರಗೆ ಹೋಗು, ಇಲ್ಲಿ ಸೋಂಕು ಇರುತ್ತೆ" ಎಂದಳು ಅಕ್ಕ.

"ಸುಮ್ನಿರು."

"ನಂದು ಅಂದುಬಿಟ್ಟೆ. ತಪ್ಪಾಯ್ತು ಕಣೇ."

"ತಪ್ಪೇನಿಲ್ಲ, ನಿಂದೇ ಅದು" ಎಂದಳು ತಂಗಿ. ದನಿ ಗಟ್ಟಿಯಾಗಿಯೇ ಇತ್ತು, ಮುಂದಿನ ಮಾತಿಗೆ ಒಡೆಯಿತು. "ಈಗ ನಿನ್ನ ಹತ್ರ ಇರೋದೂ ಹೋದ್ರೆ ನಾನೇನು ಕೊಡ್ಲಿ ಹೇಳು. ನನ್ನ ಹತ್ರ ಕೊಡೋಕೆ ನಂದು ಅಂತ ಒಂದೂ ಇಲ್ಲ."

ಇಷ್ಟು ವರ್ಷ ತಂಗಿ ಈ ಭಯ ಹೊತ್ತುಕೊಂಡೇ ಬದುಕಿದ್ದಾಳೆ ಎಂಬುದು ಅಕ್ಕನಿಗೆ ಮೊದಲ ಬಾರಿಗೆ ಅರ್ಥವಾಯಿತು. ಅವಳ ಕೈ ತಾನಾಗಿ ಪಕ್ಕೆಯ ಹಳೆಯ ಗಾಯದ ಗೆರೆಯ ಮೇಲೆ ಹೋಯಿತು. ಹೆದರಿಕೆಯಾಯಿತು. ತನಗಾಗಿಯೇ ಹೆದರಿ ಎಷ್ಟು ಕಾಲವಾಗಿತ್ತೋ, ಅವಳು ತಂಗಿಯ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಆಗಲೇ ಅಮ್ಮನ ಫೋನು ಬಂತು. ಸಿಗ್ನಲ್ ಸಿಗದೆ ಒಂದು ದಿನವೆಲ್ಲ ಒದ್ದಾಡಿದವಳು, ಎತ್ತಿದ ಕೂಡಲೇ ಕೇಳಿದಳು, "ಕಿಡ್ನಿ ಹೇಗಿದೆಯೇ?"

"ಯಾವುದಮ್ಮ?" ಎಂದಳು ತಂಗಿ.

ತಂಗಿ ನಡೆದದ್ದನ್ನೆಲ್ಲ ಹೇಳಿದಳು. ಕೇಳಿ ಮುಗಿಸಿದ ಅಮ್ಮ, "ದೊಡ್ಡವಳ ಕಿವಿಗೆ ಹಿಡಿ" ಎಂದಳು. ತಂಗಿ ಫೋನನ್ನು ಅಕ್ಕನ ಕಿವಿಗೆ ಹಿಡಿದಳು.

"ನೀನು ಹೇಗಿದ್ದೀಯ ಮಗಳೇ?" ಎಂದು ಅಮ್ಮ ಕೇಳಿದಳು.

ಚೆನ್ನಾಗಿದ್ದೀನಿ ಎಂದು ಹೇಳಲು ಬಾಯಿ ತೆರೆದ ಅಕ್ಕ, "ಗೊತ್ತಿಲ್ಲಮ್ಮ" ಎಂದಳು.