ಪರದೇಶದಿಂದ ತಂದ ಕಿವಿ

ಮನೆಯಲ್ಲಿ ಒಬ್ಬರ ಕಿವಿ ಮಂದವಾದರೆ ಉಳಿದವರ ಗಂಟಲು ತಾನಾಗಿ ದೊಡ್ಡದಾಗುತ್ತದೆ. ಮೇಸ್ತ್ರಿಯ ಮನೆಯಲ್ಲಿ ಆಗಿದ್ದೂ ಅದೇ.

ಮೇಸ್ತ್ರಿ ನಲವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವವರು. ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗೆ ಯಾವ ಭಾಗ ನರಳುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಈಗ ಹೆಂಡತಿ ಊಟಕ್ಕೆ ಕರೆದರೆ ಮೂರನೆಯ ಕೂಗಿಗೆ ತಿರುಗುತ್ತಾರೆ. ಹೋದ ತಿಂಗಳು ಅವರು ‘ಸರಿಯಾಯ್ತು’ ಎಂದು ಕಳಿಸಿದ ಕಾರು, ಚಕ್ರದ ಬೇರಿಂಗು ಕಿರುಗುಟ್ಟುತ್ತಲೇ ವಾಪಸು ಬಂದಿತ್ತು. ಬೀದಿಗೆಲ್ಲ ಕೇಳಿಸಿದ ಸದ್ದು ಅವರೊಬ್ಬರಿಗೆ ಕೇಳಿಸಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಗ್ಯಾರೇಜಿನ ಬಾಗಿಲು ಹಾಕಿಬಿಡುತ್ತೇನೆ ಎಂದು ಹೆಂಡತಿಯ ಹತ್ತಿರ ಹೇಳಿದ್ದರು.

ಮಗಳು ಹೊರದೇಶದ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ವಿಷಯ ತಿಳಿದು, ಎರಡು ವಾರದ ರಜೆಗೆ ಬರುವಾಗ ಅಪ್ಪನಿಗೆ ಶ್ರವಣ ಸಾಧನ ತಂದಳು. ಕಡಲೆಬೀಜದಷ್ಟು ಸಣ್ಣವು ಎರಡು. ಕಿವಿಯ ಹಿಂದೆ ಸಿಕ್ಕಿಸಿದರೆ ಕಾಣಿಸುವುದೂ ಇಲ್ಲ.

“ಪಕ್ಕದ ಮನೆಯವರು ತಂದ ಇಸ್ತ್ರಿಪೆಟ್ಟಿಗೆ ಹೊಗೆ ಬಿಡ್ತಲ್ಲಮ್ಮ, ಇದು ಹಾಗಲ್ಲ,” ಎಂದಳು. “ಅದು ನೂರಹತ್ತು ವೋಲ್ಟಿಂದು. ಬರೀ ಪಿನ್ನು ಬದಲಾಯಿಸಿ ನಮ್ಮೂರಿನ ಇನ್ನೂರ ಮೂವತ್ತು ವೋಲ್ಟಿನ ಕರೆಂಟಿಗೆ ಹಾಕಿದ್ರು. ಪಿನ್ನು ಬದಲಾದ್ರೆ ವೋಲ್ಟೇಜು ಬದಲಾಗುತ್ತಾ? ನಾನು ಚಾರ್ಜರ್ ಹಿಂದೆ ಬರೆದಿದ್ದನ್ನ ಓದೇ ತಂದೆ. ನೂರರಿಂದ ಇನ್ನೂರ ನಲವತ್ತು ಅಂತಿದೆ. ಎಲ್ಲಿ ಹಾಕಿದ್ರೂ ನಡೆಯುತ್ತೆ.”

“ನೀನು ಓದಿದ್ದು ಸರಿ ಕಣೇ. ನಿಮ್ಮಪ್ಪಂಗೆ ಕೇಳುತ್ತಾ?”

“ಕೇಳುತ್ತೆ ಅಂದ್ರಲ್ಲ.”

“ಅವರು ಎಲ್ಲದಕ್ಕೂ ಹ್ಞೂಂ ಅಂತಾರೆ. ನಿನ್ನೆ ಉಪ್ಪು ಜಾಸ್ತಿಯಾಯ್ತಾ ಕಮ್ಮಿಯಾಯ್ತಾ ಅಂದೆ. ಅದಕ್ಕೂ ಹ್ಞೂಂ.”

ಮಗಳು ನಕ್ಕಳು. ಆದರೆ ಆ ನಗು ಬೇಗ ಆರಿತು. ಹೊರಡಲು ಐದೇ ದಿನ ಉಳಿದಿತ್ತು. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಎಂದು ತಿಳಿಯುತ್ತಿರಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ ಗ್ಯಾರೇಜಿಗೆ ನಡೆದಳು.

ಮೇಸ್ತ್ರಿ ಒಂದು ಕಾರಿನ ಬಾನೆಟ್ಟಿನೊಳಗೆ ಬಗ್ಗಿದ್ದರು. ಇಂಜಿನ್ನು ಓಡುತ್ತಿತ್ತು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೇಲಿತ್ತು. ಹಿಡಿ ಮಾತ್ರ ಕಿವಿಯ ಹತ್ತಿರ ಇರಲಿಲ್ಲ. ಅದನ್ನು ಹಲ್ಲಿನಿಂದ ಗಟ್ಟಿಯಾಗಿ ಕಚ್ಚಿಕೊಂಡು, ಕಣ್ಣು ಮುಚ್ಚಿ ನಿಂತಿದ್ದರು. ಕಿವಿ ಕೈಕೊಟ್ಟ ಮೇಲೆ ದವಡೆಯ ಮೂಳೆಯಿಂದ ಸದ್ದನ್ನು ಹಿಡಿಯಲು ನೋಡುತ್ತಿದ್ದರು. ಮಗಳು ತಂದ ಎರಡೂ ಮಷೀನು ಅಂಗಿಯ ಜೇಬಿನಲ್ಲಿದ್ದವು.

ಅವಳು ಇಂಜಿನ್ನು ನಿಲ್ಲಿಸಿದಳು. ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು: “ನಿಜ ಹೇಳಪ್ಪ. ಅದರಲ್ಲಿ ಕೇಳ್ತಿಲ್ಲ ತಾನೇ?”

ಮೇಸ್ತ್ರಿ ಕೈ ಒರೆಸಿಕೊಂಡರು. “ಸದ್ದು ಬರುತ್ತೆ. ಮಾತು ಬರಲ್ಲ. ಅಷ್ಟು ದೂರದಿಂದ ಹೊತ್ತು ತಂದಿದ್ದೀಯ, ಹೇಗೆ ಹೇಳಲಿ?”

ಮರುದಿನವೇ ಇಬ್ಬರೂ ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಲ್ಲಿದ್ದರು. ಅಲ್ಲಿಯ ಪರೀಕ್ಷಕಿ ಮೇಸ್ತ್ರಿಯ ಕಿವಿಯನ್ನು ಹೊಸದಾಗಿ ಪರೀಕ್ಷಿಸಿ, ಮಷೀನುಗಳನ್ನು ತಿರುಗಿಸಿ ನೋಡಿದರು.

“ಇದನ್ನ ಅಂಗಡಿಯವರು ಏನು ನೋಡಿ ಹೊಂದಿಸಿದ್ರು?”

“ಅಪ್ಪನ ಪರೀಕ್ಷೆ ಚೀಟಿಯ ಫೋಟೊ ನೋಡಿ. ಅಮ್ಮ ಕಳಿಸಿದ್ಲು,” ಎಂದು ಮಗಳು ಫೋನಿನಲ್ಲಿದ್ದ ಆ ಫೋಟೊ ತೋರಿಸಿದಳು.

“ಆ ಚೀಟಿ ಮೂರು ವರ್ಷದ ಹಿಂದಿನದು. ಈಗ ಕಿವಿ ಇನ್ನೂ ಇಳಿದಿದೆ.”

“ಹಾಗಾದ್ರೆ ನೀವೇ ಈಗಿನ ಅಳತೆಗೆ ಹೊಂದಿಸಿಬಿಡಿ ಮೇಡಂ.”

ಪರೀಕ್ಷಕಿ ಮಷೀನುಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ಎರಡು ಸಲ ಪ್ರಯತ್ನಿಸಿ ತಲೆಯಾಡಿಸಿದರು. “ತೆರೀತಿಲ್ಲ. ಕೆಲವು ಅಂಗಡಿಯವರು ತಮ್ಮಲ್ಲಿ ಮಾತ್ರ ಹೊಂದಿಸೋಕೆ ಬರೋ ಹಾಗೆ ಬೀಗ ಹಾಕಿರ್ತಾರೆ. ಅವರ ಅಂಗಡಿ ನಮ್ಮ ದೇಶದಲ್ಲಿಲ್ಲ.”

“ನಿಮ್ಮ ಹತ್ತಿರಾನೇ ತಗೊಳ್ಳಲಿ ಅಂತ ಹೇಳ್ತಿದ್ದೀರಾ?” ಮಗಳ ದನಿ ಬಿಗಿಯಾಯಿತು.

“ಬೇಡಮ್ಮ, ನನ್ನ ಮಾತು ನಂಬಬೇಡಿ,” ಎಂದರು ಪರೀಕ್ಷಕಿ, ಸಿಟ್ಟಾಗದೆ. “ಕೊಂಡ ಅಂಗಡಿಗೇ ಫೋನ್ ಮಾಡಿ ಕೇಳಿ.”

ಅವಳು ಕಾರಿಡಾರಿನಲ್ಲಿ ಶತಪಥ ಹಾಕುತ್ತಾ ಫೋನು ಮಾಡಿದಳು. ಅಂಗಡಿಯವರು ನಯವಾಗಿಯೇ ಹೇಳಿದರು: ಬೀಗ ಇರುವುದು ನಿಜ, ಗ್ಯಾರಂಟಿಯೂ ಆ ದೇಶದೊಳಗೆ ಮಾತ್ರ. ಅರವತ್ತು ದಿನದೊಳಗೆ ಬಿಲ್ಲು, ಪೆಟ್ಟಿಗೆ ಸಮೇತ ತಂದರೆ ವಾಪಸು ತೆಗೆದುಕೊಳ್ಳುತ್ತಾರೆ. ಅವಳು ಬೆರಳು ಮಡಿಸಿ ಎಣಿಸಿದಳು. ಇನ್ನೂ ಇಪ್ಪತ್ತು ದಿನ ಇತ್ತು.

ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. “ವೋಲ್ಟೇಜು ನೋಡಿದೆ, ಪಿನ್ನು ನೋಡಿದೆ. ಇದೊಂದು ಹೊಳೀಲಿಲ್ಲ ಮೇಡಂ.”

“ಕೊಳ್ಳೋ ಮೊದಲು ಇಲ್ಲಿಗೊಂದು ಫೋನ್ ಮಾಡಿದ್ರೆ ಸಾಕಿತ್ತು. ಇರಲಿ, ವಾಪಸು ಕೊಡೋಕೆ ದಾರಿ ಇದೆಯಲ್ಲ. ಇಲ್ಲಿ ಹೊಂದಿಸೋಕೆ ಬರೋ ಮಷೀನು ಹೇಗಿರುತ್ತೆ ಅಂತ ಅಪ್ಪ ಒಮ್ಮೆ ಹಾಕಿ ನೋಡಲಿ. ನೋಡಿದ ಮಾತ್ರಕ್ಕೆ ಕೊಳ್ಳಬೇಕಾಗಿಲ್ಲ.”

ಪರೀಕ್ಷಕಿ ಬೇರೊಂದು ಜೊತೆ ಮಷೀನನ್ನು ಮೇಸ್ತ್ರಿಯ ಕಿವಿಗೆ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಹೊಸ ಅಳತೆಗೆ ಹೊಂದಿಸಿದರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಈಗಲೂ ಹ್ಞೂಂ ಎಂದುಬಿಟ್ಟರೆ ಎಂಬ ಭಯ ಅವಳಿಗೆ.

ಮೇಸ್ತ್ರಿ ನಿಧಾನವಾಗಿ ತಲೆಯೆತ್ತಿ ಚಾವಣಿ ನೋಡಿದರು.

“ಮೇಡಂ,” ಎಂದರು, “ನಿಮ್ಮ ಫ್ಯಾನಿನ ಬೇರಿಂಗು ಹೋಗಿದೆ.”

ಹೊರದೇಶದ ಮಷೀನು ಮಗಳ ಜೊತೆಯಲ್ಲೇ ಹಿಂದಿರುಗಿ ಅಂಗಡಿ ಸೇರಿತು. ಮೇಸ್ತ್ರಿಯ ಕಿವಿಗೆ ಇಲ್ಲಿಯೇ ಹೊಂದಿಸಿದ ಮಷೀನು ಬಂತು. ಗ್ಯಾರೇಜಿನ ಬಾಗಿಲು ಇವತ್ತಿಗೂ ತೆರೆದಿದೆ.

ಓದುತ್ತಿರುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಯವರೂ ಹೊರದೇಶದಿಂದ ಏನಾದರೂ ತರುತ್ತಿರಬಹುದು. ವಸ್ತುವಿನ ಹಿಂದೆ ಬರೆದ ವೋಲ್ಟೇಜು ಓದಲು ಹೇಳಿ. ಪಿನ್ನು ಬದಲಿಸಿದ ಮಾತ್ರಕ್ಕೆ ಅದು ನಮ್ಮ ಕರೆಂಟಿಗೆ ಒಗ್ಗುವುದಿಲ್ಲ. ಫೋನಾಗಲಿ, ಕಿವಿಯ ಮಷೀನಾಗಲಿ, ನಮ್ಮ ದೇಶದಲ್ಲಿ ನಡೆಯದಂತೆ ಬೀಗ ಹಾಕಿದೆಯೇ ಎಂದು ಅಂಗಡಿಯಲ್ಲೇ ಕೇಳಲಿ. ಕೆಟ್ಟರೆ ಊರಲ್ಲಿ ರಿಪೇರಿ ಮಾಡುವವರು ಯಾರು, ಗ್ಯಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಹಣ ಕೊಡುವ ಮೊದಲು ವಿಚಾರಿಸಲಿ. ಬಿಲ್ಲು, ಪೆಟ್ಟಿಗೆ ಎಸೆಯದಿರಲಿ. ತಂದ ಮೇಲೆ, ಬಳಸುವವರನ್ನು ಕೂರಿಸಿಕೊಂಡು ಕೇಳಿ, ಸರಿಹೋಯಿತೇ ಎಂದು. ಅವರು ಬರೀ ಹ್ಞೂಂ ಎಂದರೆ, ಇನ್ನೊಮ್ಮೆ ಕೇಳಿ.