ತಪ್ಪು ಗಿಡಕ್ಕೆ ಗೋಣಿಚೀಲ

ಕನ್ನಡಕದಂಗಡಿಯವನಿಗೆ ತೋಟದ ಹುಚ್ಚು ಹಿಡಿದದ್ದು ತಲೆಗೂದಲು ನೆರೆತ ಮೇಲೆ. ಎಲ್ಲರಂತೆ ಬದನೆಯನ್ನೋ ಟೊಮೆಟೊವನ್ನೋ ಹಾಕಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನರ್ಸರಿಯಲ್ಲಿ ಆರ್ಟಿಚೋಕ್, ಕಾರ್ಡೂನ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಇಂಥವನ್ನು ಬೆಳೆಯುವವನು ಸಾಮಾನ್ಯನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಗೌರವ ಬಂದುಬಿಟ್ಟಿತು.

ಎರಡೂ ಮುಳ್ಳುಗಿಡಗಳ ಒಂದೇ ಕುಲದವು. ಆರ್ಟಿಚೋಕ್‌ನಲ್ಲಿ ತಿನ್ನುವುದು ಅರಳದ ಮೊಗ್ಗು, ಕಾರ್ಡೂನ್‌ನಲ್ಲಿ ಎಲೆಯ ದಂಟು. ದಂಟಿನ ಕಹಿ ಇಳಿಯಬೇಕಾದರೆ ಗಿಡಕ್ಕೆ ಗೋಣಿ ಸುತ್ತಿ, ಕೆಲವು ವಾರ ಬೆಳಕು ತಾಗದಂತೆ ಇಡಬೇಕು. ಇದನ್ನೆಲ್ಲ ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ; ಅದೂ ಅವರು ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದ ಊರಿ, ಅಲ್ಲಾಡಲಾಗದೆ ಕೂತ ಹೊತ್ತು ನೋಡಿ.

ಗಿಡಗಳು ಎದೆಯೆತ್ತರ ಬೆಳೆದು, ಬಟ್ಟೆ ಒಣಹಾಕುವ ತಂತಿಯನ್ನು ಮುಟ್ಟಿದವು. ಮುಳ್ಳು ತಾಗಿ ಹರಿದ ಹೊದಿಕೆಯನ್ನು ಹಿಡಿದು ಹೆಂಡತಿ ಕೇಳಿದಳು:

"ರೀ, ಇದರಲ್ಲಿ ಯಾವುದು ಯಾವುದು ಅಂತ ನಿಮಗೆ ಗೊತ್ತಾ? ಎರಡೂ ಒಂದೇ ಥರ ಇದೆ."

"ನಿನಗೆ ಹಾಗೆ ಕಾಣತ್ತೆ. ಕಣ್ಣಿನ ವಿಷಯ ನನಗೆ ಬಿಡು," ಎಂದು, ಕಾರ್ಡೂನ್ ಇದೇ ಎಂದು ಒಂದು ಗಿಡಕ್ಕೆ ಗೋಣಿ ಸುತ್ತಿದ.

ಕೆಲವು ವಾರ ಕಳೆದು ಒಂದು ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದರು. ಅಕ್ಕ ಚಿಕ್ಕಂದಿನಿಂದಲೂ ಅವನ ಪ್ರಯೋಗಗಳ ಮೊದಲ ಬಲಿ. ಗೋಣಿ ಸುತ್ತದ ಗಿಡದ ಮೊಗ್ಗುಗಳನ್ನು ಅವನು ತಾನೇ ಬೇಯಿಸಿ, ಬೆಣ್ಣೆ, ನಿಂಬೆರಸದ ಜೊತೆ ತಂದಿಟ್ಟ.

"ಒಂದೊಂದೇ ಎಸಳು ಕಿತ್ತು, ಬುಡವನ್ನ ಹಲ್ಲಲ್ಲಿ ಹೀಗೆ ಎಳೀಬೇಕು ಭಾವ," ಎಂದು ಎಳೆದು ತೋರಿಸಿದ. ಎಸಳಿನ ತುದಿಯ ಮುಳ್ಳು ತುಟಿಗೆ ನಾಟಿತು. ಬಾಯಿಗೆ ಸಿಕ್ಕಿದ್ದು ನಾರು, ನಾರು ಮತ್ತು ನಾರು.

ಭಾವ ಬಹಳ ಹೊತ್ತು ಅಗಿದು, ಮೆಲ್ಲಗೆ ಕೇಳಿದ: "ಇದು ತಿನ್ನೋದಾ, ಪಾತ್ರೆ ತಿಕ್ಕೋದಾ?"

"ಈ ಸಲ ಬಿಸಿಲು ಜಾಸ್ತಿ," ಎಂದ, ತುಟಿ ಒತ್ತಿಕೊಂಡೇ.

"ಬಿಸಿಲಿನ ಮೇಲೆ ತಪ್ಪು ಹಾಕಬೇಡ್ವೋ, ಪಾಪ ಅದಕ್ಕೆ ಬಾಯಿಲ್ಲ," ಎಂದಳು ಅಕ್ಕ.

ಹೆಂಡತಿ ಸದ್ದಿಲ್ಲದೆ ಹಿತ್ತಿಲಿಗೆ ಹೋಗಿ ಗೋಣಿ ಬಿಚ್ಚಿದಳು. ವಾಪಸ್ಸು ಬಂದವಳ ಒಂದು ಕೈಯಲ್ಲಿ ಬೆಳ್ಳಗಿನ ದಂಟಿನ ಕಟ್ಟು. ಇನ್ನೊಂದರಲ್ಲಿ ಅದೇ ಗಿಡದ, ಮುಳ್ಳಿಲ್ಲದ, ದುಂಡನೆಯ, ಬೆಳಕು ಕಾಣದೆ ಬಿಳಿಚಿಕೊಂಡ ಮೊಗ್ಗು.

"ರೀ, ಮುಳ್ಳಿಲ್ಲದ ಈ ಮೊಗ್ಗೇ ಆರ್ಟಿಚೋಕ್. ನೀವು ಗೋಣಿ ಸುತ್ತಿದ್ದು ಅದಕ್ಕೆ. ನಾವೀಗ ಅಗೀತಿರೋದು ಕಾರ್ಡೂನ್ ಮೊಗ್ಗು."

ಅವನು ಮೊಗ್ಗನ್ನು ನೋಡಿದ, ತಟ್ಟೆಯನ್ನು ನೋಡಿದ. ಇಷ್ಟು ದಿನ ಊರವರ ಕಣ್ಣಿಗೆ ಗಾಜು ಹಾಕಿದವನು ತಾನೇ ಅಲ್ಲವೇ ಎನಿಸಿ ಕಿವಿ ಬಿಸಿಯಾಯಿತು. ಆಮೇಲೆ ತಡೆಯಲಾಗದೆ ನಗು ಉಕ್ಕಿತು. ನಗುವಾಗ ತುಟಿ ಉರಿಯಿತು; ಉರಿಯಲಿ, ತಕ್ಕ ಶಾಸ್ತಿ ಎಂದುಕೊಂಡ.

ಆರ್ಟಿಚೋಕ್‌ನ ದಂಟನ್ನೂ ತಿನ್ನಬಹುದೇನೋ ಎಂದು ಹೆಂಡತಿ ನಾರು ಸುಲಿದು, ಕುದಿಸಿ ನೀರು ಬಸಿದು, ಬೆಳ್ಳುಳ್ಳಿಯಲ್ಲಿ ಬಾಡಿಸಿದಳು. ತುಸು ಕಹಿ, ಹಿಂದೆಯೇ ಸಿಹಿ. ಭಾವ ಮತ್ತೆ ತಟ್ಟೆ ಮುಂದೆ ಒಡ್ಡಿದ. ಅಕ್ಕ ಎರಡನೇ ಸಲ ಬಡಿಸಿಕೊಂಡು ಕೇಳಿದಳು:

"ಲೋ, ನನಗೂ ಇದರ ಒಂದು ಸಸಿ ಕೊಡೋ."

ಅವನು ಹಿತ್ತಿಲ ಬಾಗಿಲವರೆಗೆ ಹೋದವನು, ಎರಡು ಗಿಡಗಳನ್ನೂ ನೋಡಿ ಅಲ್ಲೇ ನಿಂತ.

"ಅವಳನ್ನ ಕೇಳಕ್ಕ," ಎಂದ.